ಬಿಚ್ಚದೆ ಉಳಿದ ಪೊಟ್ಟಣ

ಮುಳುಗಿದ ಬ್ಯಾಂಕಿನ ತನಿಖೆಗೆ ಹೋದವರಿಗೆ ಬೈಗುಳ ತಪ್ಪಿದ್ದಲ್ಲ. ಮಾಗಡಿ ಕಡೆಯ ಒಂದು ಸಣ್ಣ ಬ್ಯಾಂಕಿಗೆ ನನ್ನನ್ನು ಹಾಕಿದ್ದರು. ಅಡವಿಟ್ಟ ಒಡವೆಯ ಪೊಟ್ಟಣಗಳನ್ನು ಇಟ್ಟವರ ಎದುರಿಗೇ ಬಿಚ್ಚಬೇಕು ಎನ್ನುವುದು ನಿಯಮ. ಎಲ್ಲ ಬಿಚ್ಚಿ ಒಂದು ಮಾತ್ರ ಉಳಿದಿತ್ತು, ಗುಡೇಮಾರನಹಳ್ಳಿಯ ಜಯಮ್ಮನವರದು. ಅದು ಬಿಚ್ಚದೆ ವರದಿ ಮುಗಿಯುವ ಹಾಗಿರಲಿಲ್ಲ. ನನಗಿಂತ ಮುಂಚೆ ಹೋಗಿದ್ದ ಇಬ್ಬರು ಅಧಿಕಾರಿಗಳೂ ಫೈಲಿನಲ್ಲಿ 'ಮನೆಗೆ ಬೀಗ ಹಾಕಿತ್ತು' ಎಂದು ಬರೆದಿದ್ದರು.

ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಕೂತಿದ್ದ ಅವರ ಗಂಡ ತಿಮ್ಮೇಗೌಡರು ನೋಟಿಸ್ ನೋಡಿದ್ದೇ ರೇಗಿದರು. "ಇಷ್ಟ್ ವರ್ಸ ಏನ್ ಮಾಡ್ತಿದ್ರಿ ಸಾರ್? ನಮ್ಮನೇಲಿ ಯಾರೂ ಒಡ್ವೆ ಅಡ ಇಟ್ಟಿಲ್ಲ!"

"ಹೂಂ ಸಾರ್, ನನ್ ಸರ ನಮ್ಮವ್ವನ ಮನೇಲೈತೆ" ಎನ್ನುತ್ತಾ ಜಯಮ್ಮ ಮಜ್ಜಿಗೆ ಲೋಟ ಕೊಟ್ಟರು. ನನ್ನ ಮುಖ ನೋಡದೆ ಒಳಗೆ ಹೋದರು.

ಬಸ್ ಹತ್ತಿಸಲು ಗೌಡರೇ ಜೊತೆಗೆ ಬಂದರು. ಮನೆ ಮರೆಯಾದ ಮೇಲೆ ದನಿ ತಗ್ಗಿಸಿದರು.

"ಸರ ಬ್ಯಾಂಕ್ನಾಗೇ ಐತೆ ಸಾರ್. ಅವ್ಳ ತಮ್ಮನ ಆಸ್ಪತ್ರೆ ಖರ್ಚಿಗೆ ಇಟ್ಟವ್ಳೆ. ನಂಗೆ ಅವತ್ತೇ ಗೊತ್ತಾಯ್ತು. ನಂಗೆ ಗೊತ್ತು ಅಂತ ಅವ್ಳಿಗೆ ತಿಳುದ್ರೆ ಮತ್ತೆ ನನ್ ಮುಂದೆ ತಲೆ ಎತ್ತಕಿಲ್ಲ. ಒಸಿ ನಿಧಾನ ಮಾಡಿ."

"ನಿಧಾನ ಮಾಡಿದ್ರಿ ಅಂತ ಈಗ ತಾನೇ ಬೈದ್ರಲ್ಲ ಗೌಡ್ರೇ?"

"ಅವ್ಳ ಮುಂದೆ ಇನ್ನೇನ್ ಮಾಡ್ಲಿ ಸಾರ್?"

ಕಚೇರಿಗೆ ಬಂದರೆ, ತನಿಖೆ ಇನ್ನೂ ಯಾಕೆ ಮುಗಿದಿಲ್ಲ ಎಂದು ಮೇಲಿನವರ ಪತ್ರ ಕಾದಿತ್ತು. ಫೈಲು ತೆಗೆದು, ಹಿಂದಿನ ಇಬ್ಬರ ಸಹಿಯ ಕೆಳಗೆ ನಾನೂ ಬರೆದೆ: ಮನೆಗೆ ಬೀಗ ಹಾಕಿತ್ತು.