ಪಾರ್ಕಿನ ನಾಟಕಕ್ಕೆ ನಾನು ಕಟ್ಟಿದ ಕೊನೆ

ಅಕ್ಕ, ಆ ನಾಟಕದ ಹೆಂಗಸು ತಿರುಗಿ ಮನೆಗೆ ಬರಲೇ ಇಲ್ಲ. ಬಂದಳೆಂದು ನಿನಗೆ ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಹದಿನೇಳು ವರ್ಷ ಅದೇ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಕೈಯ ಅಡುಗೆ ಉಂಡೆ, ನಿನ್ನ ಜೊತೆ ಹಬ್ಬ ಮಾಡಿದೆ, ನಿನಗೆ ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದೆ — ಇರಲಿ, ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಹೇಳುವಾಗ ನನಗೆ ಅನುಕೂಲವಿಲ್ಲದ್ದನ್ನು ನುಂಗಿಬಿಡುವ ಚಾಳಿ ನನಗಿದೆ, ಅದಕ್ಕೆ ಈ ಸಲ ಏನನ್ನೂ ಬಿಡುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಬಾಡಿಗೆ ಮನೆ ಖಾಲಿ ಮಾಡಿ ನೀನು ಈ ತಮಿಳು ಸೀಮೆಯ ಪಲ್ಲಾವರಂಗೆ, ನನ್ನ ಮನೆಗೆ ಬಂದೆ. ಎರಡು ತಿಂಗಳಿಗೆಂದು ಬಂದವಳು. ನಂದಿನಿಗೆ ಆಗ ಎರಡು ವರ್ಷ. ನನಗೆ ಪ್ಯಾರೀಸ್ ಕಾರ್ನರಿನ ಬ್ಯಾಂಕಿನಲ್ಲಿ ಕೆಲಸ, ನನ್ನ ಗಂಡನಿಗೆ ತಿಂಗಳಲ್ಲಿ ಮೂರು ವಾರ ಊರೂರು ಸುತ್ತುವ ಕೆಲಸ. ಬೆಳಿಗ್ಗೆ ನಾನು ಎಲೆಕ್ಟ್ರಿಕ್ ಟ್ರೇನು ಹತ್ತುವಾಗ ಮಗು ನಿನ್ನ ಸೊಂಟದ ಮೇಲೆ. ಸಂಜೆ ಇಳಿದು ಬರುವಾಗಲೂ ನಿನ್ನ ಸೊಂಟದ ಮೇಲೆ. ನಾಲ್ಕು ವರ್ಷ ಹೀಗೇ ಹೋಯಿತು. ನೀನು ಮಲಗುತ್ತಿದ್ದದ್ದು ಹಾಲ್‌ನಲ್ಲಿ, ಟೀವಿಯ ಪಕ್ಕದ ಮಂಚದ ಮೇಲೆ. ಈಗಲೂ ಅಲ್ಲೇ ಮಲಗುತ್ತೀಯ.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ನಿನ್ನ ಗೆಳತಿ ಸುಶೀಲಾಳ ಪತ್ರ ಬಂತು. ಅವಳು ಹುಡುಗಿಯರ ಹಾಸ್ಟೆಲು ಸುರು ಮಾಡಿದ್ದಳು, ನೋಡಿಕೊಳ್ಳಲು ನಂಬಿಕೆಯ ಹೆಂಗಸು ಬೇಕಿತ್ತು. ನೀನು ಪತ್ರವನ್ನು ನನಗೆ ಓದಿ ಹೇಳಿದ್ದು ಒಂದೇ ಸಲ. ಆದರೆ ಅದರೊಳಗಿನ ಒಂದು ಮಾತನ್ನು ಮಾತ್ರ ಒಂದು ವಾರ ತಿರುಗಿಸಿ ಮುರುಗಿಸಿ ಹೇಳುತ್ತಿದ್ದೆ: "ಒಂದು ಖೋಲಿ ಕೊಡ್ತಾಳಂತ. ಅದರ ಕೀಲಿ ನನ್ನ ಕಡೆನ ಇರ್ತದಂತ."

ಸಾಲೆ ತೆರೆಯುವುದರೊಳಗೆ ನೀನು ಉತ್ತರ ಬರೆಯಬೇಕಿತ್ತು. ನನಗೆ ಅದೇ ತಿಂಗಳು ಆಫೀಸರ್ ಆಗಿ ಬಡ್ತಿ ಬಂದಿತ್ತು. ಮೂರು ತಿಂಗಳ ತರಬೇತಿಗೆ ಬೇರೆ ಊರಿಗೆ ಹೋಗಬೇಕಿತ್ತು. ನೀನು ಹೋದರೆ ನನ್ನ ಬಡ್ತಿಯೂ ಹೋದಂತೆಯೇ. ಹೋಗಬೇಡ ಎಂದು ನಾನು ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಸ್ವಾರ್ಥಿ ಎಂದು ಕಾಣುತ್ತೇನಲ್ಲ — ಹಾಗೆ ಕಾಣಬಾರದಿತ್ತು, ಅಷ್ಟೇ. ಸ್ವಾರ್ಥಿ ಆಗಿರುವುದಕ್ಕೆ ಅಡ್ಡಿಯಿರಲಿಲ್ಲ.

ಆ ಸಂಜೆ ನೆನಪಾದಾಗಲೆಲ್ಲ ನಡೆದದ್ದೋ, ಕನಸಿನಲ್ಲಿ ಕಂಡದ್ದೋ ಎಂದು ಅನುಮಾನ ಬರುತ್ತದೆ. ಸಮುದ್ರದ ಗಾಳಿ ಪಲ್ಲಾವರಂ ತನಕ ಬರುವುದು ಅಪರೂಪ, ಅವತ್ತು ಬಂದಿತ್ತು. ಕಾರ್ಪೊರೇಷನ್ ಪಾರ್ಕಿನ ಬೇವಿನ ಮರಗಳ ಕೆಳಗೆ ಪುಕ್ಕಟೆ ನಾಟಕ. ಟಿಕೆಟ್ಟಿಲ್ಲ, ಪರದೆಯಿಲ್ಲ, ವೇದಿಕೆಯಿಲ್ಲ. ನೋಡಲು ಬಂದವರು ನಟರಿಗಾಗಿ ಒಂದೊಂದು ಬಾಟಲಿ ನೀರು ತಂದು ಮರದ ಬುಡದಲ್ಲಿಡಬೇಕು — ಆ ತಂಡದವರ ಪದ್ಧತಿ ಅದು. ಸಂಜೆಯ ಬಿಸಿಲು ಆ ಬಾಟಲಿಗಳ ಸಾಲಿನೊಳಗೆ ಇಳಿದು ನೀರೆಲ್ಲ ಜೇನಿನ ಬಣ್ಣವಾಗಿತ್ತು. ವಾಕಿಂಗಿಗೆ ಬಂದವರು ನಾಟಕವನ್ನು ಲೆಕ್ಕಿಸದೆ ಸುತ್ತುತ್ತಲೇ ಇದ್ದರು. ಬಿಳಿ ಬನಿಯನ್ನಿನ ಒಬ್ಬರು ಪ್ರತಿ ಸುತ್ತಿಗೂ ನಟರ ನಡುವೆಯೇ ಹಾದು ಹೋಗುತ್ತಿದ್ದರು, ಅವರಿಗೂ ಒಂದು ಪಾತ್ರವಿದ್ದ ಹಾಗೆ.

ನಾವು ಮೂವರೂ ಜಮಖಾನ ಹಾಸಿ ಮುಂದೆಯೇ ಕೂತಿದ್ದೆವು. ನಂದಿನಿ ನಿನ್ನ ತೊಡೆಯ ಮೇಲೆ. ನಿನ್ನ ಕೈಚೀಲದಲ್ಲಿ ಸುಶೀಲಾಳ ಪತ್ರ. ನಿನಗೆ ಆಗ ತಮಿಳು ಬರುತ್ತಿರಲಿಲ್ಲ, ಹೂವಿನವಳೊಡನೆ ಬೆರಳಿನಲ್ಲೇ ವ್ಯವಹಾರ. ನನಗೋ, ತಮಿಳು ಕಲಿತ ಜಂಬ ಇಷ್ಟಿಷ್ಟಲ್ಲ; ಊರವಳೇ ಅಂದುಕೊಂಡಿದ್ದೆ ಎಂದು ಬ್ಯಾಂಕಿಗೆ ಬಂದ ಗಿರಾಕಿ ಯಾರಾದರೂ ಅಂದರೆ ಅವತ್ತೆಲ್ಲ ಅದನ್ನೇ ನಿನಗೆ ಹೇಳುತ್ತಿದ್ದೆ. ಹಾಗಾಗಿ ನಾಟಕವನ್ನು ನಿನಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಅದಕ್ಕೊಂದು ಏರ್ಪಾಡೂ ತಾನಾಗಿಯೇ ಆಯಿತು. ವಿಮಾನ ನಿಲ್ದಾಣ ಹತ್ತಿರವಲ್ಲವೇ, ಹತ್ತು ನಿಮಿಷಕ್ಕೊಂದು ವಿಮಾನ ಬೇವಿನ ತುದಿಗೆ ತಾಗುವಂತೆ ಇಳಿಯುತ್ತಿತ್ತು. ಆ ಸದ್ದು ಮುಗಿಯುವ ತನಕ ನಟರು ಇದ್ದಲ್ಲೇ, ಇದ್ದ ಭಂಗಿಯಲ್ಲೇ ನಿಂತುಬಿಡುವರು — ಎತ್ತಿದ ಕೈ ಎತ್ತಿದಂತೆ, ತೆರೆದ ಬಾಯಿ ತೆರೆದಂತೆ. ಆ ಹೊತ್ತಿನಲ್ಲಿ ನಾನು ನಿನ್ನ ಕಿವಿಗೆ ಬಾಯಿ ಹಚ್ಚಿ ಅಷ್ಟರ ತನಕದ ಕಥೆ ಹೇಳುತ್ತಿದ್ದೆ. ಕೊಬ್ಬರಿ ಎಣ್ಣೆಯ ವಾಸನೆ, ನಿನ್ನ ಬೆಂಡೋಲೆಯ ತಣ್ಣನೆಯ ಅಂಚು ನನ್ನ ತುಟಿಗೆ. ಈಗ ನೆನೆದರೂ ಸಂಕಟವಾಗುತ್ತದೆ.

ನಾಟಕ ನಗಿಸುವಂಥದ್ದು. ಒಂದು ಮನೆ, ಆ ಮನೆಯ ಕೆಲಸವೆಲ್ಲ ಹಿರಿಯ ಮಗಳದು. ಅವಳಿಗೆ ದೂರದ ಊರಲ್ಲಿ ಕೆಲಸ ಸಿಗುತ್ತದೆ. ಹೊರಡುತ್ತೇನೆ ಅಂದ ಕೂಡಲೇ ಮನೆಯವರಿಗೆಲ್ಲ ಒಮ್ಮೆಲೇ ಕಾಯಿಲೆ. ತಮ್ಮನಿಗೆ ಬೆನ್ನು ಹಿಡಿಯುತ್ತದೆ, ಅವನ ಹೆಂಡತಿ ಮೂರ್ಛೆ ಹೋಗುತ್ತಾಳೆ, ಮುದುಕ ಅಪ್ಪ ಮಗಳ ಪೆಟ್ಟಿಗೆಯನ್ನೇ ಕಂಬಳಿಯೊಳಗೆ ಮುಚ್ಚಿಟ್ಟು ಮಲಗುತ್ತಾನೆ. ನೀನು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅಪ್ಪ ಹೋದ ಮೇಲೆ ನಿನ್ನ ಆ ನಗು ನಾನು ಕೇಳಿರಲಿಲ್ಲ.

ಮುಂದಿನ ವಿಮಾನ ಬಂದಾಗ ನಾನು ಹೇಳುವ ಮೊದಲು ನೀನೇ ನನ್ನ ಕಿವಿಗೆ ಬಾಗಿದೆ. "ನಾ ಹೋಗ್ತೀನಿ. ನಾಳೆನ ಬರೀತೀನಿ ಸುಶೀಲಾಗ."

ನಾನು ಚಲೋ ಆತು ಅಂದೆ. ಅಂದೆನೆಂದು ನೆನಪು — ಅನ್ನದೆಯೂ ಇದ್ದಿರಬಹುದು.

ಕೊನೆಗೆ ಬಸ್ಸು ಬಂತು. ಎರಡು ಸಾಲು ಪ್ಲಾಸ್ಟಿಕ್ ಕುರ್ಚಿಗಳೇ ಬಸ್ಸು. ಪ್ರಯಾಣಿಕರು ನಮ್ಮೊಳಗಿನವರೇ ಆಗಬೇಕು. ಆ ನಟಿ ಜನರ ನಡುವೆ ಬಂದು ಒಬ್ಬೊಬ್ಬರನ್ನು ಕೈಹಿಡಿದು ಎಬ್ಬಿಸುತ್ತಿದ್ದಳು. ನಮ್ಮ ಜಮಖಾನದ ಮುಂದೆ ನಿಂತು ನಿನ್ನತ್ತ ಕೈ ಚಾಚಿದಳು. "ಬಸ್ಸುಲ ಇಡಮ್ ಇರುಕ್ಕು, ವಾಂಗಮ್ಮಾ." ಬಸ್ಸಿನಲ್ಲಿ ಜಾಗವಿದೆ, ಬನ್ನಿ ಎಂದು. ನೀನು ಆ ಕೈ ನೋಡಿದೆ, ನನ್ನ ಮುಖ ನೋಡಿದೆ.

"ಹಾದಿ ಬಿಡ್ರಿ ಅನ್ನಲಿಕ್ಕತ್ತಾಳ," ಅಂದೆ ನಾನು. "ಹಿಂದ ಸರಿ."

ನೀನು ಹಿಂದೆ ಸರಿದೆ. ಪಾದ ಮಡಚಿ, ಮಗುವನ್ನೂ ಎಳೆದುಕೊಂಡು, ಅವಳಿಗೆ ತೊಂದರೆಯಾಯಿತೇನೋ ಎಂಬ ಮುಜುಗರದಲ್ಲಿ. ಅದು ಮೊದಲನೆಯ ಸುಳ್ಳು. ಅದು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಬಸ್ಸು ಹೊರಟಿತು. ಅಂದರೆ ಅವರೆಲ್ಲ ಎದ್ದು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು, ಪಾರ್ಕಿನ ದಾರಿ ಹಿಡಿದು ಕಾಗದದ ಹೂವಿನ ಬಳ್ಳಿಯ ಬೇಲಿಯ ಹಿಂದೆ ತಿರುಗಿ ಮರೆಯಾದರು. ಅವಳೂ ಮರೆಯಾದಳು. ಕಥೆ ಅಲ್ಲಿಗೆ ಮುಗಿಯಿತು.

ಆದರೆ ನೀನು ಅಂಥ ನಾಟಕ ಅಲ್ಲಿಯ ತನಕ ನೋಡಿರಲಿಲ್ಲ. ನಿನಗೆ ಗೊತ್ತಿದ್ದದ್ದು ಊರಿನ ಕಂಪನಿ ನಾಟಕ — ಪರದೆ ಬಿದ್ದರೆ ಮುಗಿಯಿತು. ಇಲ್ಲಿ ಬೀಳಲು ಪರದೆಯೇ ಇಲ್ಲ. ಒಂದು ನಿಮಿಷದ ಮೇಲೆ ಅವಳು ಬೇಲಿಯ ಆಚೆಯಿಂದ ಮತ್ತೆ ಬಂದಳು. ಮನೆಯವರ ಪಾತ್ರದವರೆಲ್ಲ ನಿಂತಿದ್ದ ಕಡೆಗೇ ಬಂದು, ಅವರ ನಡುವೆ ನಿಂತು, ತಲೆ ಬಾಗಿಸಿ ಕೈ ಮುಗಿದಳು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ಏನ, ತಿರಿಗಿ ಬಂದ್ಲೇನ?" ನಿನ್ನ ಧ್ವನಿ ಬಹಳ ಸಣ್ಣಗಾಗಿತ್ತು.

ನಗಬಹುದಿತ್ತು ನಾನು. ನಾಟಕ ಮುಗೀತಕ್ಕ, ನಮಸ್ಕಾರ ಮಾಡ್ಲಿಕ್ಕೆ ಬಂದಾಳ, ಅನ್ನಬಹುದಿತ್ತು. ಅಷ್ಟು ಸಣ್ಣ ಮಾತು. "ಹೂಂ," ಅಂದೆ. "ತಿರಿಗಿ ಬಂದ್ಲು."

"ಅಳಲಿಕ್ಕತ್ತಾಳಲ್ಲ."

"ಹೂಂ. ತಪ್ಪಾತು, ಮನಿ ಬಿಟ್ಟು ಹೋಗಿದ್ದು ತಪ್ಪಾತು ಅಂತ ಕೈ ಮುಗೀಲಿಕ್ಕತ್ತಾಳ." ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟುವವರೆಲ್ಲ ನನ್ನ ಮಾತಿಗೆ ಸಾಕ್ಷಿಯಾದರು. ನೀನೂ ನಿಧಾನಕ್ಕೆ ತಟ್ಟಿದೆ.

ಜಮಖಾನ ಮಡಚುವಾಗ ನಾವಿಬ್ಬರೂ ಎರಡೆರಡು ತುದಿ ಹಿಡಿದು ಹತ್ತಿರ ಬಂದೆವು. ನೀನು ನನ್ನ ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆ ನೀನು ಸುಶೀಲಾಗೆ ಬರೆದೆ: ಕೂಸು ಇನ್ನೂ ಸಣ್ಣದು, ನನಗೆ ಆಗುವುದಿಲ್ಲ. ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟೆ, ಮಧ್ಯಾಹ್ನದ ಊಟದ ಡಬ್ಬಿಯ ಜೊತೆ. ಪ್ಯಾರೀಸ್ ಕಾರ್ನರಿನ ಕೆಂಪು ಡಬ್ಬಿಯಲ್ಲಿ ಅದನ್ನು ಹಾಕಿದವಳು ನಾನೇ. ಹಾಕುವಾಗ ನನಗೆ ದುಃಖವಾಗಲಿಲ್ಲ ಅಕ್ಕ, ನಿರಾಳವಾಯಿತು. ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ.

ಒಂದು ನಾಟಕ ನೋಡಿ ಯಾರಾದರೂ ಬದುಕು ಬದಲಿಸುತ್ತಾರೆಯೇ, ಅವಳು ಹೇಗೂ ಹೋಗುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೋಗುತ್ತಿದ್ದೆ ನೀನು. ನಿನ್ನ ಬಾಯಿಂದಲೇ ಕೇಳಿದ್ದೆನಲ್ಲ. ನಾನು ಎದುರಿಗೆ ಕೂತು ಕೇಳಿಕೊಂಡಿದ್ದರೆ ನೀನು ಉಳಿಯುತ್ತಿದ್ದೆಯೋ ಏನೋ — ಆಗ ಉಳಿದದ್ದು ನಿನ್ನ ಇಷ್ಟವಾಗುತ್ತಿತ್ತು. ನಾನು ಅದನ್ನೇ ಕಸಿದುಕೊಂಡೆ.

ಮೊನ್ನೆ ನಂದಿನಿ ಫೋನು ನೋಡುತ್ತ, ಶನಿವಾರ ಪಾರ್ಕಿನಲ್ಲಿ ನಾಟಕವಂತೆ, ಪುಕ್ಕಟೆಯಂತೆ, ಆದರೆ ಒಂದು ಬಾಟಲಿ ನೀರು ತರಬೇಕಂತೆ ಎಂದು ತಮಿಳಿನಲ್ಲಿ ಹೇಳಿದಳು. ನೀರಿನ ಬಾಟಲಿ ಎಂದ ಕೂಡಲೇ ಅದೇ ತಂಡ ಎಂದು ನನಗೆ ತಿಳಿಯಿತು. ಸೆಕೆ ಅಂದೆ, ನಿನ್ನ ಮೊಣಕಾಲು ಅಂದೆ. ನೀನು ಆಗಲೇ ಸೀರೆ ಇಸ್ತ್ರಿ ಮಾಡಲು ಕೂತಿದ್ದೆ.

ನಿನ್ನೆಯೂ ಗಾಳಿ ಬಂದಿತ್ತು. ಅದೇ ಬೇವು, ಅದೇ ವಿಮಾನ, ಅದೇ ನಾಟಕ. ನಟಿ ಮಾತ್ರ ಬೇರೆ. ಈಗ ನಿನಗೆ ನನ್ನ ಕನ್ನಡ ಬೇಕಿರಲಿಲ್ಲ. ಹೂವಿನವಳಿಂದ, ಟೀವಿಯಿಂದ, ಬಸ್ಸಿನ ಬೋರ್ಡುಗಳಿಂದ ಕಲಿತ ತಮಿಳು ನಿನ್ನದು. ನಟರು ಕಲ್ಲಾಗಿ ನಿಂತ ಪ್ರತಿ ಸಲ ನಾನು ನಿನ್ನ ಪಕ್ಕದಲ್ಲಿ ಹೇಳಲು ಏನೂ ಇಲ್ಲದೆ ಕೂತಿದ್ದೆ. ನೀನು ನಗಲಿಲ್ಲ. ಕುತ್ತಿಗೆ ಮುಂದೆ ಚಾಚಿ ಒಂದೊಂದು ಮಾತನ್ನೂ ಕೇಳುತ್ತಿದ್ದೆ.

ಬಸ್ಸು ಬಂತು. ನಟಿ ಕೈ ಚಾಚಿದಳು, ಜಾಗವಿದೆ ಎಂದಳು. "ಪೋಂಗ ಪೆರಿಯಮ್ಮಾ," ಹೋಗಿ ದೊಡ್ಡಮ್ಮ ಎಂದು ನಂದಿನಿ ನಿನ್ನ ಬೆನ್ನು ತಟ್ಟಿದಳು. ನೀನು ನನ್ನತ್ತ ನೋಡಲೇ ಇಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಹೋಗಿ, ಕಿಟಕಿಯ ಕಡೆಯದೆಂದು ತುದಿಯ ಕುರ್ಚಿಯನ್ನೇ ಆರಿಸಿ ಕೂತು, ಗಾಳಿಗೆ ಹಾರದಂತೆ ಸೆರಗು ಸುತ್ತಿಕೊಂಡೆ. ಆಮೇಲೆ ನಟಿಯ ಹೆಗಲ ಮೇಲೆ ಕೈಯಿಟ್ಟು ನಡೆದೆ. ಕಾಗದದ ಹೂವಿನ ಆಚೆ ನಿನ್ನ ನೀಲಿ ಸೀರೆ ಮರೆಯಾಯಿತು. ಅಷ್ಟರಲ್ಲಿ ವಿಮಾನ ಬಂದು ಎಲ್ಲವೂ ನಿಂತುಹೋಯಿತು, ನಾನು ಆ ತಿರುವನ್ನೇ ನೋಡುತ್ತ ಕೂತೆ. ನೀನು ಬರದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು, ಬಾ ಎಂದೂ ಅನ್ನಿಸಿತು.

ನಟಿ ಬಂದಳು, ಹಿಂದೆ ಪ್ರಯಾಣಿಕರು, ಕೊನೆಗೆ ನೀನು. ನಟರು ನಿನ್ನನ್ನೂ ಸಾಲಿನೊಳಗೆ ಎಳೆದುಕೊಂಡರು. ಅವರೆಲ್ಲ ಕೈ ಮುಗಿದಾಗ ನೀನೂ ಮುಗಿದೆ — ಜನರಿಗೆ, ಜನರ ನಡುವೆ ಕೂತ ನನಗೆ.

ಜಮಖಾನದ ತುದಿ ಹಿಡಿದು ಹತ್ತಿರ ಬಂದಾಗ ನೀನು ನನ್ನ ಮುಖ ನೋಡಿದೆ.

"ಅಕಿ ಕೈ ಮುಗದಿದ್ದು ಮನಿಯವರಿಗಲ್ಲ," ಅಂದೆ ನೀನು. "ನಮಗ."

ನಾನು ಜಮಖಾನಕ್ಕೆ ಅಂಟಿದ ಹುಲ್ಲು ಕೊಡವಿದೆ. ನೀನು ಆಮೇಲೆ ಮೆಲ್ಲಗೆ, ಬಿದ್ದ ಕೂಸಿಗೆ ಕೈ ಕೊಟ್ಟ ಹಾಗೆ, "ಅವಾಗ ನಿನಗೂ ತಮಿಳು ಅಷ್ಟ ತಿಳೀತಿದ್ದಿಲ್ಲ, ಅಲ್ಲೇನ?" ಅಂದೆ.

ನಂದಿನಿ ನಕ್ಕುಬಿಟ್ಟಳು. "ಅಮ್ಮಾವುಕ್ಕಾ? ತಮಿಳಾ?" ಅಮ್ಮನಿಗೆ ತಮಿಳು ಬರುತ್ತಿರಲಿಲ್ಲವೇ ಎಂದು. ನೀನು ಅವಳನ್ನು ಸುಮ್ಮನಿರಿಸಿದೆ. ನಾನು — ಮತ್ತೆ — "ಹೂಂ" ಅಂದೆ.

ಇವತ್ತು ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ನೀನು ಹಾಲ್‌ನಲ್ಲಿ ಮಲಗಿದ್ದೀಯ, ಫ್ಯಾನಿನ ಗಾಳಿಗೆ ಸೆರಗು ಅಲ್ಲಾಡುತ್ತಿದೆ. ನಾನು ಕೋಣೆಯಲ್ಲಿ, ಬಾಗಿಲಿರುವ ಕೋಣೆಯಲ್ಲಿ, ಇದನ್ನು ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನೂ ನಿನ್ನಿಂದಲೇ ಕೇಳಿ ಪಡೆಯುವುದು ಬೇಡ. ನೀನು ಓದಿಕೊಳ್ಳಲಿ ಎಂದು ಇದನ್ನು ದಿಂಬಿನ ಹತ್ತಿರ ಇಟ್ಟು ಹೊರಗೆ ಹೋಗುವುದೂ ಇಲ್ಲ. ನೀನು ಎದ್ದು ಮುಖ ತೊಳೆದು ಬಂದ ಮೇಲೆ ಮಂಚದ ಮೇಲೆ ಎದುರಿಗೆ ಕೂತು ನಾನೇ ಓದುತ್ತೇನೆ. ಇಷ್ಟೆಲ್ಲ ಓದಲಾಗದಿದ್ದರೆ ಈ ಕೊನೆಯ ಸಾಲನ್ನಾದರೂ ಓದುತ್ತೇನೆ.

ನನಗೆ ಅವತ್ತೂ ತಮಿಳು ಚೆನ್ನಾಗಿ ಬರುತ್ತಿತ್ತು, ಅಕ್ಕ.