ಲೆಂಪಿ ಆರಿಸಿದ ಕೆಂಪು ಬ್ಯಾಟರಿ

ಏಪ್ರಿಲ್ ತಿಂಗಳಲ್ಲಿ ಅತ್ತಿಗೆ ಲೆಂಪಿಯ ಟ್ರಕ್ಕಿನಿಂದ, ಹಿಮದಲ್ಲಿ ಜಾರದಂಥ ಹಿಮಕಾಲದ ಚಕ್ರ ಬಿಚ್ಚಿ ಬೇಸಿಗೆಯ ಚಕ್ರ ಹಾಕಿ ಮುಗಿಸಿದ ತೌನೋ, ಸೊಂಟ ಹಿಡಿದುಕೊಂಡು ಎದ್ದು ನಿಂತ. ಮಾತು ಶುರುವಾದದ್ದು ಆಗಲೇ.

"ಅತ್ತಿಗೆ, ನನ್ನ ಕೈಲಿ ಇನ್ನಾಗಲ್ಲ. ಚಳಿಗಾಲಕ್ಕೆ ಮುಂಚೆ ಈ ಟ್ರಕ್ಕು ಮಾರಿಬಿಡೋಣ."

"ಮಾರಿ? ನಾನು ನಡ್ಕೊಂಡು ಹೋಗ್ಲಾ ಪೇಟೆಗೆ?"

"ವಯಸ್ಸಾದೋರ ವ್ಯಾನು ಬರತ್ತಲ್ಲ ಬುಧವಾರ. ಅದ್ರಲ್ಲಿ ಹೋಗಿ. ಜೊತೆಗೆ ಮಾತಾಡೋಕೂ ಜನ ಇರ್ತಾರೆ."

"ಆ ವ್ಯಾನಲ್ಲಿ ಎಲ್ರೂ ಅವರವರ ಮಂಡಿ ಪುರಾಣ ಹೇಳ್ತಾರೆ. ನನಗೆ ನನ್ನವೇ ಎರಡು ಸಾಕು."

"ಹಂಗಾದ್ರೆ ಚಕ್ರಾನೂ ನೀವೇ ಹಾಕ್ಕೊಳ್ಳಿ!"

"ಹಾಕ್ಕೋತೀನಿ."

ತೌನೋ ನಕ್ಕ. "ನವೆಂಬರಲ್ಲಿ ಜಿಂಕೆ ಬೇಟೆ ಶುರುವಾಗೋ ಹಿಂದಿನ ಭಾನುವಾರ ಬರ್ತೀನಿ. ಹಿಮಕಾಲದ ನಾಲ್ಕೂ ಚಕ್ರ ಕೂತಿದ್ರೆ ಟ್ರಕ್ಕಿನ ಸುದ್ದಿ ಎತ್ತಲ್ಲ. ಒಂದು ಕೂತಿಲ್ಲ ಅಂದ್ರೂ ಬೀಗದಕೈ ನನ್ನ ಜೇಬಿಗೆ."

ತೌನೋ ಎಂದರೆ ಲೆಂಪಿಯ ಗಂಡ ಎಸ್ಕೋನ ತಮ್ಮ. ಎಸ್ಕೋ ಹೋಗಿ ಆರು ವರ್ಷ. ಅಮೆರಿಕದ ಉತ್ತರದ ಅಂಚಿನ ಸುಪೀರಿಯರ್ ಸರೋವರದ ದಂಡೆಯ ಆ ಮನೆಗೆ ಏಪ್ರಿಲಿನಲ್ಲಿ ಒಂದು ಸಲ, ನವೆಂಬರಿನಲ್ಲಿ ಒಂದು ಸಲ ಚಕ್ರ ಬದಲಿಸಲು ಅವನು ಬರುತ್ತಿದ್ದ. ಆ ಎರಡು ದಿನ ಬಿಟ್ಟರೆ ಅಡುಗೆಮನೆಯ ಮೇಜಿಗೆ ಎರಡನೆಯ ಬಟ್ಟಲು ಇಳಿಯುತ್ತಿರಲಿಲ್ಲ. ಟ್ರಕ್ಕೂ ಇಲ್ಲದಿದ್ದರೆ ಹಿಮ ಬಿದ್ದ ಮೇಲೆ ಆರು ತಿಂಗಳು ಕಿಟಕಿಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಅಕ್ಟೋಬರ್ ಕೊನೆಗೆ ಅವಳು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಗಲ್ಲಾದ ಹಿಂದೆ ಕೊರಿನ್ ಇದ್ದಳು, ಕತ್ತಿನ ತುಂಬ ಮಫ್ಲರ್ ಸುತ್ತಿಕೊಂಡ ದಪ್ಪ ಹೆಂಗಸು.

"ಚಕ್ರದ ನಟ್ಟು ಬಿಚ್ಚೋ ಗನ್ನು ಬೇಕು. ವೈರು ಇಲ್ಲದ್ದು. ಶೆಡ್ಡಲ್ಲಿ ಕರೆಂಟಿಲ್ಲ."

"ನಿಮ್ಮನೆ ಯಾವ ಬಣ್ಣ, ಲೆಂಪಿಯಮ್ಮ?"

ಆ ಕಡೆ ಹಾಗೆಯೇ ಕೇಳುವುದು. ಹಳದಿ ಕಂಪನಿಯ ಬ್ಯಾಟರಿ ಕೆಂಪು ಕಂಪನಿಯ ಗನ್ನಿಗೆ ಕೂರುವುದಿಲ್ಲ, ಕೆಂಪಿನದು ಹಸಿರಿಗೆ ಕೂರುವುದಿಲ್ಲ. ಒಮ್ಮೆ ಒಂದು ಬಣ್ಣ ಮನೆಗೆ ಬಂದರೆ ಮುಂದೆ ಕೊಳ್ಳುವುದೆಲ್ಲ ಅದೇ ಬಣ್ಣ. ಅಣ್ಣತಮ್ಮಂದಿರೆಲ್ಲ ಒಂದೇ ಬಣ್ಣ ಇಟ್ಟುಕೊಂಡು ಬ್ಯಾಟರಿ ಕೊಟ್ಟು ತೆಗೆದುಕೊಂಡು ಮಾಡುತ್ತಾರೆ.

"ಎಸ್ಕೋದು ಹಳದಿ ಇತ್ತು. ಈಗ ಎಲ್ಲಾ ತೌನೋ ಹತ್ರ."

"ಹಂಗಾದ್ರೆ ಹಳದೀನೇ ತಗೊಳ್ಳಿ. ನಿಮ್ಮದು ಮುಗಿದ್ರೆ ಅವನ ಬ್ಯಾಟರಿ ಹಾಕ್ಕೋಬಹುದು."

"ಅವನನ್ನ ಕೇಳಬೇಕಾಗತ್ತಲ್ಲ. ಕೆಂಪು ತೋರಿಸು."

ಕೊರಿನ್ ಮೂರು ತಂದಿಟ್ಟಳು. ಸಣ್ಣದು ಗಿಳಿಯಷ್ಟು ಹಗುರ. ಸ್ಕ್ರೂಗೆ ಸರಿ, ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಿಂದು ತುಕ್ಕು ಹಿಡಿದ ನಟ್ಟಿನ ಮುಂದೆ ಅಳುತ್ತದೆ ಎಂದಳು. ದೊಡ್ಡದನ್ನು ಎತ್ತಿದ ಕೂಡಲೇ ಲೆಂಪಿಯ ಮಣಿಕಟ್ಟು ಬಾಗಿತು. ನಡುವಿನದನ್ನು ಕೈ ಚಾಚಿ ಹಿಡಿದು ಅವಳು ಎಣಿಸತೊಡಗಿದಳು. ಚಕ್ರಕ್ಕೆ ಆರರಂತೆ ಇಪ್ಪತ್ನಾಲ್ಕು ನಟ್ಟು. ಇಪ್ಪತ್ನಾಲ್ಕರವರೆಗೂ ಕೈ ಇಳಿಸಲಿಲ್ಲ.

"ತೂಕ ಬಾಣಲೆಯಷ್ಟಿದೆ. ಐವತ್ತು ವರ್ಷ ಎತ್ತಿದ್ದೀನಿ."

"ಇದ್ರಲ್ಲಿ ಬಿಚ್ಚಿ, ಆದ್ರೆ ಬಿಗಿ ಮಾಡೋದು ಕೈಪಾನಾದಲ್ಲೇ. ಗನ್ನಲ್ಲಿ ಬಿಗಿದ್ರೆ ಬೋಲ್ಟು ಕತ್ತರಿಸಿಹೋಗತ್ತೆ," ಎಂದು ಕೊರಿನ್ ಬಿಗಿ ಅಳೆಯುವ ಪಾನಾವನ್ನೂ ಕಟ್ಟಿಕೊಟ್ಟಳು. ಬೇಕಾದಷ್ಟು ಬಿಗಿಯಾದಾಗ ಟಕ್ ಎನ್ನುವ ಉದ್ದನೆಯ ಪಾನಾ ಅದು.

ತೌನೋ ಬರಬೇಕಿದ್ದ ಭಾನುವಾರಕ್ಕೆ ಮುಂಚಿನ ಗುರುವಾರ ರಾತ್ರಿ ಬ್ಯಾಟರಿಯನ್ನು ಗನ್ನಿನ ಜೊತೆ ಶೆಡ್ಡಿನಲ್ಲೇ ಬಿಟ್ಟು ಅವಳು ಮಲಗಿದಳು. ಬೆಳಿಗ್ಗೆ ಬಕೆಟ್ಟಿನ ನೀರು ಕಲ್ಲಾಗಿತ್ತು. ಗುಂಡಿ ಒತ್ತಿದರೆ ಗನ್ನು ಒಮ್ಮೆ ಮುಲುಗಿ ಸುಮ್ಮನಾಯಿತು. ಚಳಿಗೆ ಬ್ಯಾಟರಿಯ ಕಸುವೆಲ್ಲ ಇಳಿದುಹೋಗಿತ್ತು. ಅದನ್ನು ಒಳಗೆ ತಂದು, ರೊಟ್ಟಿಯ ಹಿಟ್ಟು ಉಬ್ಬಲು ಇಡುವ ಮೂಲೆಯಲ್ಲಿ ಉಣ್ಣೆಯ ಶಾಲು ಹೊದಿಸಿ ಕೂರಿಸಿದಳು.

"ಬೆಚ್ಚಗಾಯ್ತಾ?" ಎಂದು ಅದನ್ನೇ ಕೇಳಿದಳು. ಆ ವಾರ ಮನೆಯಲ್ಲಿ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಿ, ಮಧ್ಯಾಹ್ನ ಮತ್ತೆ ಶೆಡ್ಡಿಗೆ ಹೋದಳು. ಈ ಸಲ ಗನ್ನು ಗುಡುಗಿತು, ತುಕ್ಕಿನ ಪುಡಿ ಉದುರಿಸುತ್ತ ನಟ್ಟುಗಳು ಒಂದೊಂದಾಗಿ ಸಡಿಲಾದವು. ಜಾಕಿಯಿಂದ ಗಾಡಿ ಎತ್ತಿದರೂ ಚಕ್ರ ಮಾತ್ರ ಅಚ್ಚಿಗೆ ಕಚ್ಚಿಕೊಂಡು ಅಲ್ಲಾಡಲಿಲ್ಲ. ನೆಲದ ಮೇಲೆ ಕುಳಿತು ಎರಡೂ ಹಿಮ್ಮಡಿಯಿಂದ ಒದ್ದು ಒದ್ದು ಬಿಡಿಸಿದಳು. ಹಿಮಕಾಲದ ಚಕ್ರವನ್ನು ಎತ್ತಲಾರದೆ ಸಲಿಕೆಯ ಮೇಲೆ ಉರುಳಿಸಿ, ಹಿಡಿ ಅದುಮಿ ಮೇಲೇರಿಸಿ, ಪಾನಾ ಟಕ್ ಎನ್ನುವವರೆಗೂ ನಟ್ಟು ಬಿಗಿದಳು. ಸಂಜೆಯೊಳಗೆ ಒಂದು. ಶನಿವಾರ ಮಧ್ಯಾಹ್ನದೊಳಗೆ ಇನ್ನೆರಡು.

ನಾಲ್ಕನೆಯದಕ್ಕೆ ಮುಂಚೆ ಬಕೆಟ್ಟು ಬೋರಲು ಹಾಕಿ ಕುಳಿತಳು. ಇದೊಂದನ್ನು ಹೀಗೇ ಬಿಟ್ಟರೆ? ತೌನೋ ರೇಗಿಸುತ್ತಾನೆ, ಆದರೆ ಕೋಟು ಕಳಚಿ ಕೂರುತ್ತಾನೆ. ಒಂದು ಗಂಟೆಯಾದರೂ ಗೊಣಗುತ್ತಾನೆ. ಎರಡನೆಯ ಬಟ್ಟಲು ಕಾಫಿಗೂ ನಿಲ್ಲಬಹುದು. ಆದರೆ ಹೋಗುವಾಗ ಬೀಗದಕೈ ಅವನ ಜೇಬಿನಲ್ಲಿರುತ್ತದೆ. ಲೆಂಪಿ ಎದ್ದು ಜಾಕಿ ಏರಿಸಿದಳು.

ಭಾನುವಾರ ತೌನೋ ಬಂದ. ನಾಲ್ಕೂ ಚಕ್ರ ಬಗ್ಗಿ ನೋಡಿದ. ಪಾನಾ ತೆಗೆದುಕೊಂಡು ಒಂದೊಂದೇ ನಟ್ಟಿಗೆ ಹಾಕಿ ಎಳೆದ. ಇಪ್ಪತ್ನಾಲ್ಕು ಸಲ ಟಕ್ ಎಂದಿತು.

"ಯಾರು ಹಾಕಿಕೊಟ್ರು?"

"ನನ್ನ ಕೈ ನೋಡು." ಗೆಣ್ಣುಗಳೆಲ್ಲ ತರಚಿದ್ದವು.

ಬೆಂಚಿನ ಮೇಲಿದ್ದ ಗನ್ನನ್ನು ಅವನು ಎತ್ತಿ ನೋಡಿದ. "ಕೆಂಪಾ? ನಮ್ಮನೇಲಿ ಎಲ್ಲಾ ಹಳದಿ ಅಲ್ವಾ ಅತ್ತಿಗೆ. ಹಳದಿ ತಂದಿದ್ರೆ ನನ್ನ ಬ್ಯಾಟರಿ ಕೊಡ್ತಿದ್ದೆ."

"ನಿನ್ನ ಕಾಡಬಾರದು ಅಂತಾನೇ ಕೆಂಪು ತಂದೆ."

"ಹೂಂ." ಅದನ್ನು ಮೆಲ್ಲಗೆ ಕೆಳಗಿಟ್ಟ. "ಹಂಗಾದ್ರೆ ಟ್ರಕ್ಕಿನ ಮಾತು ಮುಗೀತು. ಏಪ್ರಿಲಿಗೆ ನಾನು ಬರೋ ಕೆಲಸಾನೂ ಇಲ್ಲ."

ಕೆಲಸ ಇಲ್ಲದಿದ್ದರೂ ಬಾ ಎನ್ನಬೇಕೆಂದು ಲೆಂಪಿಯ ಬಾಯಿಗೆ ಬಂತು. ಆದರೆ ಅಲ್ಲಿಯ ಗಂಡಸರು ಕೆಲಸವಿಲ್ಲದೆ ಯಾರ ಮನೆಯ ಮೆಟ್ಟಿಲನ್ನೂ ಹತ್ತುವವರಲ್ಲ. ಎಸ್ಕೋ ಕೂಡ ಹಾಗೇ ಇದ್ದ.

"ಕಾಫಿ ಆಗಿದೆ," ಎಂದಳು.

ಅವನು ನಿಂತೇ ಕುಡಿದ. ಬೇಟೆಯ ಗುಡಿಸಲಿಗೆ ಸೌದೆ ಸಾಗಿಸಬೇಕಂತೆ, ಜೊತೆಯವರು ಕಾಯುತ್ತಿದ್ದಾರಂತೆ. ಗಾಡಿ ಹತ್ತಿ ಕಿಟಕಿ ಇಳಿಸಿ ಹೇಳಿದ:

"ಐವತ್ತು ಮೈಲಿ ಓಡಿಸಿ, ಆಮೇಲೆ ಇನ್ನೊಂದ್ಸಲ ಬಿಗಿ ನೋಡಿ. ಹೊಸದಾಗಿ ಹಾಕಿದ ಚಕ್ರ ಸ್ವಲ್ಪ ಸಡಿಲ ಆಗತ್ತೆ."

ಮರುದಿನ ಬೆಳಿಗ್ಗೆ ಲೆಂಪಿ ಟ್ರಕ್ಕು ಹತ್ತಿದಳು. ಐವತ್ತು ಮೈಲಿ ಓಡಿಸಿ ಹೋಗಿ ನೋಡುವಂಥವರು ಅವಳಿಗೆ ಯಾರೂ ಇರಲಿಲ್ಲ. ಸರೋವರದ ಅಂಚಿನ ದಾರಿಯಲ್ಲಿ ಮೀಟರ್ ನೋಡುತ್ತ ಓಡಿಸಿದಳು. ಇಪ್ಪತ್ತೈದು ತುಂಬಿದ ಕಡೆ ಒಂದು ಮುಚ್ಚಿದ ಐಸ್‌ಕ್ರೀಮ್ ಅಂಗಡಿ ಇತ್ತು. ಅದರ ಅಂಗಳದಲ್ಲಿ ಗಾಡಿ ತಿರುಗಿಸಿಕೊಂಡಳು. ಮನೆಗೆ ಬಂದು, ಕೈಗವಸು ತೊಟ್ಟು, ಮೊದಲನೆಯ ಚಕ್ರದ ಮುಂದೆ ಮಂಡಿಯೂರಿದಳು. ಎರಡು ನಟ್ಟು ಚೂರು ಸಡಿಲವಾಗಿದ್ದವು; ಪಾನಾ ಟಕ್ ಎನ್ನುವವರೆಗೆ ಎಳೆದಳು. ಹಿಮ ಬೀಳತೊಡಗಿತ್ತು.