ಚಿಕ್ಕಪ್ಪನ ಜಪಾನಿ ಹೆಂಡ

“ಈ ಸೂಪಿಗೆ ಇದೇ ಸರಿಯಾದ ಜೋಡಿ” ಎನ್ನುತ್ತ ಭಂಡಿಗಡಿಯ ಚಿಕ್ಕಪ್ಪ ಬೆಚ್ಚಗಿನ ‘ಸಾಕೆ’ಯ ಬಟ್ಟಲನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಜಪಾನಿನ ಓಯಿತಾ ಸುತ್ತಿ ಬಂದವರು, ನೆಂಟರಿಗೆಲ್ಲ ಅಲ್ಲಿನ ‘ದಾಂಗೊಜಿರು’ ಊಟ ಹಾಕಿಸಿದ್ದರು. ಅಂದರೆ ತರಕಾರಿ ಸಾರಿನಲ್ಲಿ ಬೆಂದ ಗೋಧಿ ಹಿಟ್ಟಿನ ಕಡುಬು. ಹಿಟ್ಟು ನಾದಿ ಬೇಯಿಸಿದ್ದು ಮಾತ್ರ ತೋಟದ ಕೆಲಸದ ಗಿರಿಜಮ್ಮ.

“ಅದು ಎಂತದ್ರದ್ದು ಅಯ್ಯಾ?” ಎಂದು ಆಕೆ ಕೇಳಿದಳು.

“ಅಕ್ಕಿ ಹುಳಿ ಬರಿಸಿ ಮಾಡೋದು. ಅದೊಂದು ಕಲೆ, ಮಾರಾಯ್ತಿ!”

“ಅಕ್ಕಿ ಹೆಂಡ ಮಾಡಿದ್ಲು ಅಂತಲೇ ಅಲ್ವಾ, ನಿಮ್ಮ ಅಪ್ಪಯ್ಯ ನಮ್ಮವ್ವನ ಮಡಕೆ ಒಡೆದು ಬಿಡಾರದಿಂದ ಓಡ್ಸಿದ್ದು?”

ಚಿಕ್ಕಪ್ಪ ಕಣ್ಣು ಬಿಟ್ಟರು. “ಅದು ಬೇರೆ, ಇದು ಬೇರೆ” ಎಂದರು.

ಬೇರೆ ಹೇಗೆ ಎಂದು ಊಟಕ್ಕೆ ಕೂತ ಯಾರೂ ಕೇಳಲಿಲ್ಲ. ನಾನಂತೂ ತಲೆಯಾಡಿಸಿ, ಗಿರಿಜಮ್ಮನ ಮುಖ ನೋಡದೆ ನನ್ನ ಬಟ್ಟಲು ಖಾಲಿ ಮಾಡಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.